ಜಡ್ಜ್‌ಮೆಂಟಲ್ಲಿ ಬರೋ ‘ಡಯಾಬಾಲಿಕಲ್’ ಅಂದ್ರೆ ನಿಜವಾಗ್ಲೂ ಏನು? ಡೆವಿಲ್‌ಗೂ ಅದಕ್ಕೂ ಏನ್ ಸಂಬಂಧ?

ಲಾ_ಓದೋಳು_ತುಮಕೂರು

ಎಲ್ರಿಗೂ ನಮಸ್ಕಾರ, ಒಂದು ಪದದ ಬಗ್ಗೆ ಕೇಳ್ಬೇಕಿತ್ತು. ನಾನು ಎಲ್‌ಎಲ್‌ಬಿ ಓದ್ತಾ ಇದೀನಿ, ಅಲ್ಲೀವರ್ಗೂ ಓದಿದ್ದೆಲ್ಲಾ ಕನ್ನಡ ಮೀಡಿಯಮ್ಮು. ಮರಣದಂಡನೆ ಬಗ್ಗೆ ಕ್ಲಾಸಲ್ಲಿ ಸೆಮಿನಾರ್ ಕೊಡ್ಬೇಕು, ಕನ್ನಡದಲ್ಲೇ ಕೊಡ್ತೀನಿ ಅಂತ ಲೆಕ್ಚರರ್ ಹತ್ರ ಒಪ್ಪಿಸ್ಕೊಂಡಿದೀನಿ. ಸುಪ್ರೀಂ ಕೋರ್ಟಿನ 1980ರ ಬಚನ್ ಸಿಂಗ್ ಕೇಸು ಅರ್ಥ ಆಯ್ತು, ಅಪರೂಪದಲ್ಲಿ ಅಪರೂಪ ಅನ್ನೋ ಪ್ರಕರಣಕ್ಕೆ ಮಾತ್ರ ಗಲ್ಲು ಅಂತ ಹೇಳಿದ್ದು ಅದು. ಆಮೇಲೆ 1983ರ ಮಚ್ಚಿ ಸಿಂಗ್ ಕೇಸಲ್ಲಿ ಯಾವ್ದು ಅಪರೂಪದ್ದು ಅಂತ ಐದು ಗುಂಪು ಮಾಡ್ತಾರಲ್ಲ, ಅದ್ರಲ್ಲಿ ಮೊದಲ್ನೇದು ಕೊಲೆ ಮಾಡಿದ ರೀತಿ. ಅಲ್ಲಿ ಬ್ರೂಟಲ್, ಗ್ರೊಟೆಸ್ಕ್, ಡಯಾಬಾಲಿಕಲ್, ರಿವೋಲ್ಟಿಂಗ್, ಡ್ಯಾಸ್ಟರ್ಡ್ಲಿ ಅಂತ ಸಾಲಾಗಿ ಬರುತ್ತೆ. ಮಿಕ್ಕಿದ್ದೆಲ್ಲಾ ಹೇಗೋ ಕನ್ನಡ ಮಾಡ್ಕೊಂಡೆ, ಡಯಾಬಾಲಿಕಲ್ ಹತ್ರ ಬಂದು ನಿಂತುಬಿಟ್ಟೆ.

ಡಿಕ್ಷನರೀಲಿ ಪೈಶಾಚಿಕ, ರಾಕ್ಷಸೀ, ದೆವ್ವದಂಥ ಅಂತೆಲ್ಲಾ ಇದೆ. ಆದ್ರೆ ಮನುಷ್ಯನ ಜೀವ ಉಳಿಯೋದು ಹೋಗೋದು ತೀರ್ಮಾನ ಆಗೋ ಸಾಲಲ್ಲಿ ದೆವ್ವ ಯಾಕ್ ಬಂತು? ಬ್ರೂಟಲ್‌ಗೂ ಇದಕ್ಕೂ ಏನ್ ವ್ಯತ್ಯಾಸ? ಈ ಪದ ಹುಟ್ಟಿದ್ದೆಲ್ಲಿ ಅಂತ ಗೊತ್ತಿರೋರು ಸ್ವಲ್ಪ ಬಿಡಿಸಿ ಹೇಳಿ ಪ್ಲೀಸ್, ಇಂಗ್ಲಿಷ್ ಕೊಂಡಿ ಕಳಿಸ್ಬೇಡಿ, ಅದನ್ನ ಓದಿಯೇ ತಲೆ ಕೆಟ್ಟಿರೋದು.

ನಿಘಂಟು_ಪ್ರೇಮಿ

ಕೇಳ್ಬೇಕಾದ್ದನ್ನೇ ಕೇಳಿದೀಯ ಕಣಮ್ಮ. ಮೊದ್ಲು ಮೂಲ ಹೇಳ್ತೀನಿ, ಅರ್ಥ ಅದ್ರಿಂದಾನೇ ಬಿಚ್ಕೊಳ್ಳುತ್ತೆ.

ಡೆವಿಲ್, ಡಯಾಬಾಲಿಕಲ್ ಎರಡೂ ಒಂದೇ ಗ್ರೀಕ್ ಪದದಿಂದ ಬಂದಿದ್ದು, ಆ ಪದ ಡಿಯಾಬೊಲೊಸ್. ‘ಡಿಯಾ’ ಅಂದ್ರೆ ಅಡ್ಡಲಾಗಿ, ಆಚೆಗೆ. ‘ಬಾಲ್ಲೈನ್’ ಅಂದ್ರೆ ಎಸೆಯೋದು. ಎರಡೂ ಸೇರಿ ಆಗೋ ಕ್ರಿಯಾಪದಕ್ಕೆ ಅಡ್ಡಕ್ಕೆ ಎಸೆಯೋದು ಅಂತ ಅಕ್ಷರಾರ್ಥ ಇದ್ರೂ ಗ್ರೀಕರ ಬಾಯಲ್ಲಿ ಅದಕ್ಕಿದ್ದ ಅರ್ಥ ಒಬ್ರ ಮೇಲೆ ಇನ್ನೊಬ್ರ ಹತ್ರ ಚಾಡಿ ಹೇಳೋದು, ಇಲ್ಲದ ಆಪಾದನೆ ಹೊರ್ಸೋದು, ಚೆನ್ನಾಗಿದ್ದ ಇಬ್ರನ್ನ ದೂರ ಮಾಡೋದು. ನಮ್ಮಲ್ಲಿ ‘ತಂದಿಕ್ಕೋದು’ ಅಂತೀವಲ್ಲ, ಅಣ್ತಮ್ಮಂದಿರ ಮಧ್ಯೆ ತಂದಿಕ್ಬಿಟ್ಟ ಅಂತ, ಹೆಚ್ಚುಕಮ್ಮಿ ಅದೇ. ಹಾಗಾಗಿ ಡಿಯಾಬೊಲೊಸ್ ಅಂದ್ರೆ ಶುರುವಲ್ಲಿ ಕೊಂಬೂ ಇಲ್ಲ ಬಾಲಾನೂ ಇಲ್ಲ, ಚಾಡಿಕೋರ, ಆಪಾದನೆ ಮಾಡೋನು ಅಷ್ಟೇ. ಪ್ಲೇಟೋ ಬರೆದಿರೋ ಸಾಕ್ರೆಟಿಸನ ಪ್ರತಿವಾದ ಓದಿದ್ರೆ ಗೊತ್ತಾಗುತ್ತೆ, ಕ್ರಿ.ಪೂ. 399ರಲ್ಲಿ ಕೋರ್ಟ್ ಮುಂದೆ ನಿಂತು ಆತ ಹೇಳೋದೇ ಅದು, ಈಗ ದೂರು ಕೊಟ್ಟಿರೋರಿಗಿಂತ ಎಷ್ಟೋ ವರ್ಷದಿಂದ ನನ್ನ ಮೇಲೆ ಹಬ್ಬಿಸಿರೋ ಅಪವಾದ ಇದೆಯಲ್ಲ ಅದಕ್ಕೇ ನಾನು ಹೆಚ್ಚು ಹೆದರ್ತೀನಿ ಅಂತ. ಆ ಅಪವಾದಕ್ಕೆ ಅಲ್ಲಿ ಬಳಸಿರೋ ಪದ ‘ಡಿಯಾಬೊಲೆ’. ನೀನು ಲಾ ಓದ್ತಿರೋದ್ರಿಂದ ಹೇಳ್ತಿದೀನಿ, ಈ ಪದಕ್ಕೆ ಕೋರ್ಟು ಹೊಸ ಜಾಗ ಅಲ್ಲ.

ಎಸೆಯೋ ಆ ಧಾತುವಿನಿಂದ ಇನ್ನೂ ಎಷ್ಟೋ ಪದ ನಾವು ದಿನಾ ಆಡ್ತೀವಿ. ಪ್ರಾಬ್ಲಮ್ ಅಂದ್ರೆ ಮುಂದಕ್ಕೆ ಎಸೆದಿದ್ದು, ಸಿಂಬಲ್ ಅಂದ್ರೆ ಒಟ್ಟಿಗೆ ಎಸೆದಿದ್ದು, ಅಂದ್ರೆ ಒಂದುಗೂಡಿಸಿದ್ದು. ಡಿಯಾಬೊಲೊಸ್ ಅದಕ್ಕೆ ಸರಿ ಉಲ್ಟಾ, ಒಡೆಯೋನು. ಡಾಕ್ಟ್ರು ಹೇಳೋ ಮೆಟಬಾಲಿಸಮ್ ಕೂಡ ಇದೇ ಸಂಸಾರದ್ದೇ.

ಗ್ರೀಕಿನಿಂದ ಲ್ಯಾಟಿನ್‌ಗೆ ಡಿಯಾಬೊಲುಸ್ ಆಗಿ ಹೋಯ್ತು, ಚರ್ಚ್ ಜೊತೆ ಇಂಗ್ಲೆಂಡಿಗೆ ಬಂತು. ಹಳೇ ಇಂಗ್ಲಿಷಲ್ಲಿ ‘ದೆಓಫೊಲ್’, ಸವೆದು ಸವೆದು ಡೆವಿಲ್. ಜರ್ಮನ್ ತೊಯ್ಫೆಲ್, ಫ್ರೆಂಚ್ ದ್ಯಾಬ್ಲ್, ಸ್ಪ್ಯಾನಿಶ್ ದಿಯಾಬ್ಲೊ, ಎಲ್ಲಾ ಅದೇ. ಇದಾಗಿ ಎಷ್ಟೋ ನೂರು ವರ್ಷ ಆದ್ಮೇಲೆ, ಸುಮಾರು 1400ರ ಹೊತ್ತಿಗೆ, ಓದ್ಕೊಂಡಿದ್ದೋರು ಅದೇ ಪದಾನ ಫ್ರೆಂಚ್ ಮತ್ತೆ ಲ್ಯಾಟಿನ್‌ನಿಂದ ಇನ್ನೊಂದ್ಸಲ ತಂದ್ಕೊಂಡ್ರು, ಅದು ಡಯಾಬಾಲಿಕ್, ಮುಂದೆ ಡಯಾಬಾಲಿಕಲ್. ಕನ್ನಡ ವ್ಯಾಕರಣ ಓದಿರೋರಿಗೆ ಒಂದೇ ಮಾತಲ್ಲಿ ಹೇಳ್ಬಹುದು, ಡೆವಿಲ್ ತದ್ಭವ, ಡಯಾಬಾಲಿಕಲ್ ತತ್ಸಮ.

ಮೈಸೂರ್_ಹೈದ

ಸರ್ ನಾವು ಕೇಳಿರೋದೇ ಬೇರೆ. ನಮ್ ದೇವ ಅನ್ನೋ ಪದಾನೇ ಅವ್ರು ಡೆವಿಲ್ ಮಾಡ್ಕೊಂಡಿದ್ದು, ಪಾರ್ಸಿಗಳಲ್ಲೂ ದೇವ ಅಂದ್ರೆ ಕೆಟ್ಟೋನು ಅಸುರ ಅಂದ್ರೆ ಒಳ್ಳೇನು ಅಂತಾರಲ್ಲ, ಅಲ್ಲಿಂದಾನೇ ಯುರೋಪಿಗೆ ಹೋಗಿರೋದು ಅಂತ ವಾಟ್ಸಾಪಲ್ಲಿ ದೊಡ್ಡ ಲೇಖನಾನೇ ಬಂದಿತ್ತು. ಸೌಂಡ್ ಕೂಡ ಅಷ್ಟೊಂದು ಹತ್ರ ಇದೆ, ಡೆವಿಲ್ ದೇವ.

ಸಾಧನಕೇರಿ_ಓದುಗ

ಅಲ್ರೀ ಹೈದಾ ಅವ್ರ, ನಿಮ್ಮ ಮಾತಿನ್ಯಾಗ ಅರ್ಧ ಖರೇ ಅದ, ಅರ್ಧ ಅಲ್ಲ. ಪಾರ್ಸಿಗಳ ಮಾತು ಖರೇ. ಅವರ ಅವೆಸ್ತಾ ಭಾಷಾದಾಗ ‘ದಏವ’ ಅಂದ್ರ ದುಷ್ಟ ಶಕ್ತಿ, ‘ಅಹುರ’ ಅಂದ್ರ ಒಡೆಯ, ಅಹುರ ಮಜ್ದಾ ಅಂದ್ರ ಅವರ ಪರಮ ದೇವರು. ಪರ್ಶಿಯನ್ ಕಥಿಯೊಳಗ ಬರೂ ರಾಕ್ಷಸರಿಗೂ ‘ದೀವ್’ ಅಂತನ ಹೆಸರು. ನಮ್ಮ ಕಡೆ ದೇವ ಮ್ಯಾಲೆ, ಅವರ ಕಡೆ ಕೆಳಗ, ಒಂದ ಪದ ಎರಡು ದಾರಿ ಹಿಡೀತು.

ಆದ್ರ ಡೆವಿಲ್ ಅಲ್ಲಿಂದ ಬಂದಿಲ್ಲ. ಇದನ್ನ ಬರೇ ಸೌಂಡ್ ಮ್ಯಾಲೆ ತೀರ್ಮಾನ ಮಾಡಬ್ಯಾಡ್ರಿ, ಒಂದು ನಿಯಮ ಅದ. ಸಂಸ್ಕೃತ ಮತ್ತ ಇಂಗ್ಲಿಷಿಗೆ ಒಂದ ಹಳೇ ಮೂಲದಿಂದ ಬಂದ ಪದದಾಗ ಸಂಸ್ಕೃತದ ದಕಾರ ಇಂಗ್ಲಿಷಿನ್ಯಾಗ ಟಕಾರ ಆಗಿರ್ತದ. ದಶ ಟೆನ್, ದ್ವಿ ಟೂ, ದಂತ ಟೂತ್, ಹಿಂಗ. ಹಂಗಂದ್ರ ದೇವ ಅನ್ನೂ ಪದದ ಇಂಗ್ಲಿಷ್ ಸಂಬಂಧಿ ಟಕಾರದಿಂದ ಶುರು ಆಗಬೇಕಲ್ಲ? ಅದ ಖರೇನ. ಹಳೇ ಇಂಗ್ಲಿಷ್ ಮಂದಿಗೆ ‘ಟೀವ್’ ಅಂತ ಒಬ್ಬ ದೇವರಿದ್ದ, ಅವನ ಹೆಸರಿನ ದಿನಾನ ಟ್ಯೂಸ್‌ಡೇ. ನಮ್ಮ ದೇವ ಇಂಗ್ಲಿಷಿನ್ಯಾಗ ಇವತ್ತಿಗೂ ಕುಂತಿರೂದು ಮಂಗಳವಾರದಾಗ! ಲ್ಯಾಟಿನ್ ಕಡೆಯಿಂದ ಬಂದ ಡಿವೈನ್, ಡೀಟಿ ಇವೂ ದೇವನ ಬಳಗನ. ಡೆವಿಲ್ ಮಾತ್ರ ಗ್ರೀಕಿನಿಂದ ಎರವಲು ಬಂದದ್ದು, ನಿಘಂಟು ಪ್ರೇಮಿಗಳು ಹೇಳಿದಂಗ.

ಇನ್ನೊಂದು ಮಾತೂ ಭಾಳ ಮಂದಿ ಹೇಳ್ತಾರ, ಈವಿಲ್ ಅನ್ನೂ ಪದಕ್ಕ ಮುಂದ ಡಿ ಹಚ್ಚಿದ್ರ ಡೆವಿಲ್ ಆತು ಅಂತ. ಅದೂ ಸುಳ್ಳ. ಈವಿಲ್ ಅಪ್ಪಟ ಜರ್ಮಾನಿಕ್ ಪದ, ಹಳೇ ರೂಪ ‘ಯುವೆಲ್’, ಜರ್ಮನ್ನಿನ್ಯಾಗ ಇವತ್ತಿಗೂ ‘ಯೂಬೆಲ್’ ಅದ. ಡೀಮನ್ ಅನ್ನೂದೂ ಬ್ಯಾರೆ, ಅದು ಗ್ರೀಕಿನ ‘ದೈಮೋನ್’, ಮೊದಲಿಗೆ ಅದಕ್ಕ ಕೆಟ್ಟ ಅರ್ಥನ ಇರಲಿಲ್ಲ, ಮನುಷ್ಯಾಗೂ ದೇವರಿಗೂ ನಡುವಿನ ಒಂದು ಶಕ್ತಿ ಅಂತಿತ್ತು. ಕ್ರಿಶ್ಚಿಯನ್ನರು ಬಂದಮ್ಯಾಲೆ ಹಳೇ ದೇವತಿಗೋಳೆಲ್ಲಾ ಆ ಪದದ ಕೆಳಗ ಕೆಟ್ಟೋರಾದ್ರು.

ಬಲ್ಮಠ_ಗುಡ್ಡೆ

ನಾನು ಮಂಗಳೂರಿನವ, ಚರ್ಚಿನಲ್ಲಿ ಸಂಡೇ ಸ್ಕೂಲ್ ಪಾಠ ಮಾಡ್ತೇನೆ, ಹಾಗಾಗಿ ಬೈಬಲ್ ಕಡೆಯ ಕಥೆ ನಾನು ಹೇಳ್ತೇನೆ, ಯಾಕೆ ಅಂದರೆ ಚಾಡಿಕೋರ ಅನ್ನುವ ಪದ ದೆವ್ವ ಆದದ್ದು ಅಲ್ಲಿ.

ಹೀಬ್ರೂ ಭಾಷೆಯಲ್ಲಿ ‘ಸಾತಾನ್’ ಅಂದರೆ ಎದುರಾಳಿ, ಅಡ್ಡ ನಿಲ್ಲುವವ ಅಂತ ಅರ್ಥ. ಬೈಬಲಿನ ಅರಣ್ಯಕಾಂಡ ಅನ್ನುವ ಪುಸ್ತಕದಲ್ಲಿ ಬಿಳಾಮನ ಕತ್ತೆಯ ದಾರಿಗೆ ದೇವದೂತನೇ ಅಡ್ಡ ನಿಲ್ಲುವುದು ಉಂಟಲ್ಲ, ಅಲ್ಲಿ ಆ ದೇವದೂತನಿಗೇ ಈ ಪದ ಬಳಸಿದ್ದಾರೆ! ಮತ್ತೆ ಯೋಬನ ಪುಸ್ತಕದಲ್ಲಿ ನೋಡಿ, ದೇವರ ಸಭೆ ಸೇರಿದೆ, ಅಲ್ಲಿಗೆ ಸೈತಾನನೂ ಬರ್ತಾನೆ. ಹೀಬ್ರೂ ಮೂಲದಲ್ಲಿ ಅದು ಒಬ್ಬನ ಹೆಸರಿನ ಹಾಗೆ ಇಲ್ಲ, ಹುದ್ದೆಯ ಹಾಗೆ ಉಂಟು, ‘ಆಪಾದಕ’ ಅಂತ ಹೇಳಿದ ಹಾಗೆ. ಅವ ಮಾಡುವ ಕೆಲಸವೂ ಅದೇ. ಯೋಬ ಸುಮ್ಮನೆ ನಿಮಗೆ ಭಕ್ತಿ ಮಾಡುದಾ, ನೀವು ಎಲ್ಲ ಕೊಟ್ಟಿದ್ದೀರಿ ಅದಕ್ಕೆ ಮಾಡುದು, ಕಿತ್ತುಕೊಂಡು ನೋಡಿ ಅಂತ ದೇವರ ಮುಂದೆ ಯೋಬನ ಮೇಲೆ ಸಂಶಯ ಹಾಕ್ತಾನೆ. ಜೆಕರ್ಯನ ಪುಸ್ತಕದಲ್ಲೂ ಮಹಾಯಾಜಕನ ಬಲಗಡೆ ನಿಂತು ದೂರು ಹೇಳುವವ ಅವನೇ. ಇದು ಪೂರಾ ನ್ಯಾಯಾಲಯದ ಚಿತ್ರ, ನಿಮ್ಮ ಭಾಷೆಯಲ್ಲಿ ಪ್ರಾಸಿಕ್ಯೂಟರ್.

ಕ್ರಿ.ಪೂ. ಮೂರನೇ ಶತಮಾನದಿಂದ ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿದ್ದ ಯಹೂದಿಗಳು ತಮ್ಮ ಶಾಸ್ತ್ರ ಗ್ರೀಕ್ ಭಾಷೆಗೆ ತಂದರು. ಯೋಬನ ಕಥೆಯ ಈ ಆಪಾದಕನಿಗೆ ಗ್ರೀಕಿನಲ್ಲಿ ಇದ್ದ ಸರಿಯಾದ ಪದ ಡಿಯಾಬೊಲೊಸ್, ಅದನ್ನೇ ಹಾಕಿದರು. ಅನುವಾದಕರು ಒಳ್ಳೆಯ ಕೆಲಸವನ್ನೇ ಮಾಡಿದ್ದು, ಆದರೆ ಆಮೇಲೆ ಹೊಸ ಒಡಂಬಡಿಕೆ ಬರುವ ಹೊತ್ತಿಗೆ ಆ ಹುದ್ದೆ ಒಬ್ಬ ವ್ಯಕ್ತಿ ಆಗಿ, ಎಲ್ಲ ಕೇಡಿನ ಒಡೆಯ ಆಗಿ ಬೆಳೆದಾಗಿತ್ತು. ಬೈಬಲಿನ ಕೊನೆಯ ಪುಸ್ತಕ ಪ್ರಕಟನೆಯ 12ನೇ ಅಧ್ಯಾಯದಲ್ಲಿ ಘಟಸರ್ಪ, ಪುರಾತನ ಸರ್ಪ, ಡಿಯಾಬೊಲೊಸ್, ಸೈತಾನ ನಾಲ್ಕೂ ಒಬ್ಬನೇ ಅಂತ ಸೇರಿಸ್ತಾರೆ, ಅಲ್ಲಿಯೂ ಹಳೆಯ ಕೆಲಸ ಬಿಡಲಿಲ್ಲ, ಸಹೋದರರ ಮೇಲೆ ಹಗಲೂ ರಾತ್ರಿ ದೂರು ಹೇಳುವವ ಅಂತಲೇ ವರ್ಣನೆ. ಇನ್ನೊಂದು ಸೂಕ್ಷ್ಮ, ಪೌಲನ ಹೆಸರಿನ ತಿಮೊಥೆಯ ಪತ್ರದಲ್ಲಿ ಸಭೆಯ ಹೆಂಗಸರು ಹೇಗಿರಬೇಕು ಅಂತ ಬರುವಲ್ಲಿ ಇದೇ ಗ್ರೀಕ್ ಪದ ಬಹುವಚನದಲ್ಲಿ ಬರ್ತದೆ, ಅಲ್ಲಿ ಯಾರೂ ಅದಕ್ಕೆ ದೆವ್ವ ಅಂತ ಅರ್ಥ ಮಾಡುದಿಲ್ಲ, ಚಾಡಿ ಹೇಳುವವರು ಆಗಬಾರದು ಅಂತಲೇ. ಎರಡು ಅರ್ಥವೂ ಒಂದೇ ಪುಸ್ತಕದಲ್ಲಿ ಜೀವಂತ ಉಂಟು.

ಲೂಸಿಫರ್ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡ್ತೇನೆ. ಅದು ಲ್ಯಾಟಿನ್, ಬೆಳಕು ತರುವವ, ನಮ್ಮ ಬೆಳ್ಳಿ ಚುಕ್ಕಿ. ಯೆಶಾಯ 14ರಲ್ಲಿ ಬಾಬೆಲಿನ ಅಹಂಕಾರಿ ರಾಜನಿಗೆ ‘ಅಯ್ಯೋ ಬೆಳ್ಳಿ ಚುಕ್ಕಿಯೇ ಹೇಗೆ ಬಿದ್ದೆ’ ಅನ್ನುವ ಹಾಗೆ ಹಾಡಿದ್ದು, ಮುಂದೆ ಅದನ್ನು ಸೈತಾನನಿಗೆ ಹಚ್ಚಿದರು.

ಲಾ_ಓದೋಳು_ತುಮಕೂರು

ಅಯ್ಯೋ ಇಷ್ಟೊಂದು ಸಿಗುತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ಎಲ್ರಿಗೂ ತುಂಬಾ ಥ್ಯಾಂಕ್ಸ್. ಹಾಗಾದ್ರೆ ಡೆವಿಲ್ಸ್ ಅಡ್ವೊಕೇಟ್ ಅಂತಾರಲ್ಲ, ಅದು ಈ ಹಳೇ ಆಪಾದಕನ ಅರ್ಥದಿಂದ ಬಂದಿದ್ದಾ? ಮತ್ತೆ ನಮ್ಮ ದೆವ್ವ ಪದಾನೂ ದೇವ ಪದಾನೂ ಒಂದೇನಾ ಬೇರೆನಾ, ಅದನ್ನ ಯಾರೂ ಹೇಳ್ಲಿಲ್ಲ.

ಬಲ್ಮಠ_ಗುಡ್ಡೆ

ಡೆವಿಲ್ಸ್ ಅಡ್ವೊಕೇಟ್ ಕ್ಯಾಥೊಲಿಕ್ ಸಭೆಯ ನಿಜವಾದ ಹುದ್ದೆ. ಸತ್ತವರನ್ನು ಸಂತ ಅಂತ ಘೋಷಿಸುವ ಮೊದಲು ವಿಚಾರಣೆ ನಡೀತದೆ, ಅಲ್ಲಿ ಎದುರು ವಾದ ಮಾಡಲಿಕ್ಕೆ, ಪವಾಡ ನಿಜವಾ, ನಡತೆಯಲ್ಲಿ ಕುಂದು ಉಂಟಾ ಅಂತ ಕೆದಕಲಿಕ್ಕೆ ಒಬ್ಬರನ್ನು ಇಡ್ತಾರೆ. ಅಧಿಕೃತ ಹೆಸರು ‘ವಿಶ್ವಾಸದ ಪ್ರವರ್ತಕ’ ಅನ್ನುವ ಅರ್ಥದ್ದು, ಜನ ಕರೆದದ್ದು ಡೆವಿಲ್‌ನ ವಕೀಲ ಅಂತ. 1587ರಲ್ಲಿ ಐದನೇ ಸಿಕ್ಸ್ಟಸ್ ಪೋಪ್ ಇದ್ದಾಗ ಹುದ್ದೆ ಗಟ್ಟಿ ಆಯಿತು, 1983ರಲ್ಲಿ ಎರಡನೇ ಜಾನ್ ಪಾಲ್ ಪ್ರಕ್ರಿಯೆಯನ್ನೇ ಬದಲಿಸಿ ಅದರ ಅಧಿಕಾರ ತುಂಬ ಕಡಿಮೆ ಮಾಡಿದರು. ನೀವು ಊಹಿಸಿದ್ದು ಸರಿ, ಯೋಬನ ಸಭೆಯಲ್ಲಿ ಸೈತಾನ ಮಾಡಿದ ಕೆಲಸವೇ ಅದು, ಆದರೆ ಒಳ್ಳೆ ಉದ್ದೇಶಕ್ಕೆ.

ದೆವ್ವದ ವಿಷಯ ನಮ್ಮ ಊರಿನ ತುಳುವರು ಹೇಳಲಿ.

ತುಳುನಾಡ್_ಮಾಣಿ

ಹೇಳ್ತೇನೆ, ಯಾಕಂದ್ರೆ ಇದು ನಮಗೆ ನೋವಾಗುವ ವಿಷಯ. ಕನ್ನಡದ ದೆವ್ವ ಅನ್ನುವ ಪದ ಸಂಸ್ಕೃತದ ದೈವದ ತದ್ಭವ. ದೈವ ಅಂದರೆ ದೇವರಿಗೆ ಸೇರಿದ್ದು, ವಿಧಿ, ಅಷ್ಟು ದೊಡ್ಡ ಪದ, ಸವೆದು ದೆವ್ವ ಆಗಿ ಹೆದರಿಸುವ ವಸ್ತು ಆಯಿತು. ಆದರೆ ನಾವು ತುಳುನಾಡಿನವರು ದೈವ ಪದವನ್ನು ಕೆಳಗೆ ಬೀಳಲಿಕ್ಕೆ ಬಿಡಲಿಲ್ಲ. ಪಂಜುರ್ಲಿ, ಜುಮಾದಿ, ಬೊಬ್ಬರ್ಯ, ಕೋಟಿ ಚೆನ್ನಯರು, ಇವರೆಲ್ಲ ನಮಗೆ ದೈವಗಳು. ಜಾಗದ ತಕರಾರು, ಮಾತು ತಪ್ಪಿದ್ದು, ಅಣ್ಣ ತಮ್ಮಂದಿರ ಜಗಳ ದೈವದ ಮುಂದೆ ಹೋಗ್ತದೆ, ದೈವದ ಉತ್ಸವ ಆದ ನೇಮದಲ್ಲಿ ದೈವ ನುಡಿ ಕೊಡ್ತದೆ, ಇಬ್ಬರನ್ನೂ ನಿಲ್ಲಿಸಿ ಒಂದು ಮಾಡ್ತದೆ.

1834ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿಗೆ ಬಂದರು, ಆಮೇಲೆ ಬ್ರಿಟಿಷ್ ಅಧಿಕಾರಿಗಳು ಬರೆದರು. ಕನ್ನಡ ತುಳುವಿಗೆ ಮಿಶನ್ ಮಾಡಿದ ಉಪಕಾರ, ಪ್ರೆಸ್ಸು, ಡಿಕ್ಷನರಿ, ಅದನ್ನು ನಾನು ಯಾವತ್ತೂ ಕಡಿಮೆ ಹೇಳುದಿಲ್ಲ. ಆದರೆ ದೈವಕ್ಕೆ ಭೂತ ಅಂತಲೂ ಹೇಳುದುಂಟು, ಆ ಪದ ಕೇಳಿದ್ದೇ ಅವರ ಕಾಲದವರು ಇಂಗ್ಲಿಷಿನಲ್ಲಿ ಹಾಕಿದ್ದು ಡೆವಿಲ್. ಬರ್ನೆಲ್ ಅಂತ ಮದ್ರಾಸ್ ಪ್ರಾಂತ್ಯದ ದೊಡ್ಡ ವಿದ್ವಾಂಸ, ಸಿವಿಲ್ ಸರ್ವಿಸಿನವರು, ಅವರು ಸೇರಿಸಿಟ್ಟ ಪಾಡ್ದನಗಳು, ಅಂದರೆ ದೈವಗಳ ಕಥೆ ಹೇಳುವ ತುಳು ಹಾಡುಗಳು, ಅವರು ತೀರಿಕೊಂಡ ಮೇಲೆ 1894ರಿಂದ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಕಂತು ಕಂತಾಗಿ ಬಂದವು, ತಲೆಬರಹ ‘ದಿ ಡೆವಿಲ್ ವರ್ಶಿಪ್ ಆಫ್ ದಿ ತುಳುವಾಸ್’. ಒಳಗೆ ಇರುವುದು ಕೋಟಿ ಚೆನ್ನಯರ ಪಾಡ್ದನದಂಥ ಚಿನ್ನ, ಹೊರಗೆ ಅಂಟಿಸಿದ್ದು ಡೆವಿಲ್ ಚೀಟಿ. ಮೇಲೆ ನಿಘಂಟು ಪ್ರೇಮಿ ಸರ್ ಹೇಳಿದ್ದು ಓದಿದ ಮೇಲೆ ನನಗೆ ಇನ್ನೂ ಬೇಸರ ಆಯಿತು, ಒಡೆಯುವವ ಅಂತ ಅರ್ಥ ಇರುವ ಪದವನ್ನು ಜನರನ್ನು ಸೇರಿಸುವ ದೈವಕ್ಕೆ ಹಾಕಿದ್ರಲ್ಲ. ಈಗಲೂ ಟೂರಿಸಂ ವೆಬ್‌ಸೈಟುಗಳಲ್ಲಿ ಕೋಲಕ್ಕೆ ಡೆವಿಲ್ ಡ್ಯಾನ್ಸ್ ಅಂತ ಬರೆದದ್ದು ಕಾಣ್ತದೆ, ಕಂಡವರು ದಯವಿಟ್ಟು ತಿದ್ದಲಿಕ್ಕೆ ಹೇಳಿ. ದೈವಾರಾಧನೆ ಅಂತ ಬರೆದರೆ ಸಾಕು, ಅರ್ಥ ಆಗದವರು ಕೇಳಿ ತಿಳಿದುಕೊಳ್ತಾರೆ.

ಹೈಕೋರ್ಟ್_ಕಾರಿಡಾರ್

ಎಲ್ಲಾ ಓದಿದೆ, ಚೆನ್ನಾಗಿದೆ. ಈಗ ಕೇಳಿದೋರ ಮೂಲ ಪ್ರಶ್ನೆಗೆ ವಾಪಸ್ ಬರೋಣ, ನಾನು ಕ್ರಿಮಿನಲ್ ಸೈಡಲ್ಲಿ ಪ್ರಾಕ್ಟೀಸ್ ಮಾಡ್ತೀನಿ.

ಮಚ್ಚಿ ಸಿಂಗ್ ತೀರ್ಪಿನ ಆ ಐದು ಪದ ವ್ಯಾಖ್ಯಾನ ಅಲ್ಲ, ಸಮಾಜ ರೊಚ್ಚಿಗೇಳೋ ಹಾಗೆ ಮಾಡಿದ ಕೊಲೆ ಅಂತ ಹೇಳೋಕೆ ಒಂದರ ಪಕ್ಕ ಒಂದು ಪೇರಿಸಿರೋದು. ಆದ್ರೂ ಒಂದೊಂದಕ್ಕೂ ಬೇರೆ ಬೇರೆ ತೂಕ ಇದೆ ಅಂತ ನನ್ನ ಅಭಿಪ್ರಾಯ. ಬ್ರೂಟಲ್ ಅಂದ್ರೆ ಪಶುವಿನ ಥರ, ಅಲ್ಲಿ ಬುದ್ಧಿ ಕೆಲಸ ಮಾಡ್ಬೇಕಾಗಿಲ್ಲ, ರೋಷದಲ್ಲಿ ಕೊಚ್ಚಿಹಾಕಿದ್ರೂ ಬ್ರೂಟಲ್ಲೇ. ಡ್ಯಾಸ್ಟರ್ಡ್ಲಿಯಲ್ಲಿ ಹೇಡಿತನ ಇದೆ, ಎದುರಿಸೋಕೆ ಆಗದೋರ ಮೇಲೆ ಕೈ ಮಾಡೋದು. ಡಯಾಬಾಲಿಕಲ್ ಅಂದಾಗ ಒಳಗೆ ತಣ್ಣಗೆ ಲೆಕ್ಕ ಹಾಕಿರೋ ಮನಸ್ಸು ಕಾಣ್ಬೇಕು, ನಂಬಿಸಿ, ಹೊಂಚು ಹಾಕಿ, ನರಳೋದನ್ನ ಬೇಕು ಅಂತಾನೇ ಮಾಡೋದು. ಅದೇ ಭಾಗದಲ್ಲಿ ಕೊಟ್ಟಿರೋ ಉದಾಹರಣೆ ನೋಡಿ, ಮನೆ ಒಳಗೆ ಇರೋವಾಗ್ಲೇ ಜೀವಂತ ಸುಡೋ ಉದ್ದೇಶದಿಂದ ಮನೆಗೆ ಬೆಂಕಿ ಇಡೋದು. ಅಲ್ಲಿ ಕೋಪಕ್ಕಿಂತ ಯೋಜನೆ ಎದ್ದು ಕಾಣುತ್ತೆ.

ದೆವ್ವ ಯಾಕೆ ಬಂತು ಅಂದ್ರಲ್ಲ, ಕೋರ್ಟ್ ದೆವ್ವವನ್ನ ನಂಬಿ ಆ ಪದ ಬಳಸಿಲ್ಲ. ಆದ್ರೆ ಒಂದು ಅಪಾಯ ಇದೆ, ಸೆಮಿನಾರಲ್ಲಿ ಅದನ್ನ ಖಂಡಿತ ಹೇಳಿ. ಕೃತ್ಯಕ್ಕೆ ಹಾಕಿದ ವಿಶೇಷಣ ಕ್ಷಣದಲ್ಲಿ ಮನುಷ್ಯನ ಮೇಲೆ ಹೋಗಿ ಕೂತ್ಕೊಳ್ಳುತ್ತೆ. ಕೃತ್ಯ ಪೈಶಾಚಿಕ ಅಂತ ಬರೆದಿದ್ದು ಮಾರನೇ ದಿನ ಪೇಪರಲ್ಲಿ ಆರೋಪಿ ಪಿಶಾಚಿ ಅಂತಾಗುತ್ತೆ, ಪಿಶಾಚಿಗೆ ಹಿನ್ನೆಲೆ ಏನು, ಸುಧಾರಣೆ ಆಗ್ತಾನಾ ಅಂತ ಯಾರೂ ಕೇಳಲ್ಲ. ಬಚನ್ ಸಿಂಗ್ ಹೇಳಿದ್ದೇ ಅಪರಾಧದ ಜೊತೆ ಅಪರಾಧಿಯನ್ನೂ ನೋಡ್ಬೇಕು ಅಂತ. 2008ರಲ್ಲಿ ನಮ್ಮ ರಾಜ್ಯದಿಂದ ಹೋದ ಸ್ವಾಮಿ ಶ್ರದ್ಧಾನಂದ ವರ್ಸಸ್ ಸ್ಟೇಟ್ ಆಫ್ ಕರ್ನಾಟಕ ಕೇಸಲ್ಲಿ ಸುಪ್ರೀಂ ಕೋರ್ಟ್ ಮಚ್ಚಿ ಸಿಂಗ್ ಗುಂಪುಗಳನ್ನ ಬದಲಾಯಿಸೋಕೇ ಆಗದ ನಿಯಮ ಅಂತ ತಗೋಬಾರ್ದು ಅಂತ ಹೇಳಿ, ಗಲ್ಲಿನ ಬದಲು ಸಾಯೋವರೆಗೂ ಬಿಡುಗಡೆ ಇಲ್ಲದ ಜೀವಾವಧಿ ಕೊಡ್ತು. 2012ರ ಸಂಗೀತ್ ವರ್ಸಸ್ ಸ್ಟೇಟ್ ಆಫ್ ಹರಿಯಾಣ ತೀರ್ಪನ್ನೂ ಓದಿ, ಅಪರಾಧಿ ಕಡೆಗಿಂತ ಅಪರಾಧದ ಕಡೆಗೇ ಗಮನ ಜಾರಿದೆ ಅಂತ ಅಲ್ಲಿ ನೇರವಾಗೇ ಹೇಳಿದಾರೆ.

ಕನ್ನಡದಲ್ಲಿ ‘ಪೈಶಾಚಿಕ’ ಅಂತಾನೇ ಹಾಕಿ. ಜನಕ್ಕೆ ಗೊತ್ತಿರೋ ಪದ. ಆದ್ರೆ ‘ಪೈಶಾಚಿಕ ರೀತಿಯಲ್ಲಿ’ ಅಂತ ಬರೀರಿ, ತೀರ್ಪಲ್ಲಿರೋದೂ ರೀತಿ ಬಗ್ಗೆನೇ.

ನಿಘಂಟು_ಪ್ರೇಮಿ

ವಕೀಲರು ರೀತಿ ಅನ್ನೋ ಪದ ಹಿಡಿದಿದ್ದು ನನಗೆ ಬಹಳ ಹಿಡಿಸ್ತು. ಪಿಶಾಚ ಪದಾನೂ ಬರೀ ಬೈಗುಳ ಅಲ್ಲ ಅಂತ ಒಂದು ಮಾತು ಸೇರಿಸ್ತೀನಿ, ಪೈಶಾಚಿ ಅಂತ ಒಂದು ಪ್ರಾಕೃತ ಭಾಷೆಯೇ ಇತ್ತು, ಗುಣಾಢ್ಯನ ಬೃಹತ್ಕಥೆ ಇದ್ದಿದ್ದು ಆ ಭಾಷೇಲಿ ಅಂತ ಪರಂಪರೆ ಹೇಳುತ್ತೆ. ಒಬ್ಬರ ನುಡಿಗೆ ಇನ್ನೊಬ್ರು ಇಟ್ಟ ಹೆಸರು ಇರ್ಬೇಕು. ತುಳುನಾಡಿನವರ ಸಂಕಟ ನೋಡಿದ್ಮೇಲೆ ಇದು ನೆನಪಾಯ್ತು.

ಲಾ_ಓದೋಳು_ತುಮಕೂರು

ಸರ್ ‘ರೀತಿಯಲ್ಲಿ’ ಅಂತಾನೇ ಬರ್ಕೊಂಡೆ, ಶ್ರದ್ಧಾನಂದ ಕೇಸೂ ಡೌನ್‌ಲೋಡ್ ಮಾಡಿದೀನಿ. ಕೊನೇದಾಗಿ ಒಂದೇ, ಅದೇ ತೀರ್ಪಲ್ಲಿ ಶವ ತುಂಡು ಮಾಡೋದ್ರ ಬಗ್ಗೆ ಹೇಳ್ವಾಗ ‘ಫೀಂಡಿಶ್’ ಅಂತ ಬರುತ್ತೆ. ಅದೂ ಪೈಶಾಚಿಕಾನೇನಾ? ಎರಡಕ್ಕೂ ಒಂದೇ ಪದ ಹಾಕಿದ್ರೆ ಸರಿಹೋಗಲ್ಲ ಅನ್ಸುತ್ತೆ.

ಸಾಧನಕೇರಿ_ಓದುಗ

ಬ್ಯಾರೆ ಪದ ಹಾಕ್ರಿ, ಮೂಲಾನೂ ಬ್ಯಾರೆ ಅದ. ಫೀಂಡ್ ಗ್ರೀಕ್ ಅಲ್ಲ, ಅಪ್ಪಟ ಇಂಗ್ಲಿಷ್. ಹಳೇ ರೂಪ ‘ಫೆಓಂದ್’, ದ್ವೇಷ ಮಾಡಾಂವ, ಹಗೆ ಅಂತ ಅರ್ಥ. ಜರ್ಮನ್ನಿನ್ಯಾಗ ‘ಫೈಂಡ್’ ಅಂದ್ರ ಇವತ್ತಿಗೂ ಬರೇ ಶತ್ರು, ದೆವ್ವ ಅಲ್ಲ. ಇಂಗ್ಲಿಷಿನ್ಯಾಗ ಮನುಷ್ಯ ಕುಲಕ್ಕೆಲ್ಲಾ ಶತ್ರು ಅಂದ್ರ ಸೈತಾನ ಅಂತಾಗಿ ಪದ ಆ ಕಡೆ ವಾಲಿತು. ಫ್ರೆಂಡ್ ಅನ್ನೂದು ಅದರ ಜೋಡಿ ಪದ, ಅದರ ಹಳೇ ರೂಪ ‘ಫ್ರೆಓಂದ್’, ಪ್ರೀತಿ ಮಾಡಾಂವ. ಅದು ನಮ್ಮ ‘ಪ್ರಿಯ’ದ ಸಂಬಂಧಿ ನೋಡ್ರಿ, ಪಿತೃ ಫಾದರ್ ಆದಂಗ, ಪಾದ ಫುಟ್ ಆದಂಗ, ಪಕಾರ ಫಕಾರ ಆಗ್ಯದ.

ಫೀಂಡಿಶ್‌ಗೆ ‘ಕಡು ಹಗೆಯ’ ಅಂದ್ರ ಮೂಲಕ್ಕ ಹತ್ತಿರ, ಆದ್ರ ಕೇಳಾವ್ರಿಗೆ ಸಪ್ಪಗ ಅನಸ್ತದ. ‘ರಾಕ್ಷಸೀ’ ಹಾಕಿದ್ರ ಛಲೋ.

ಹೈಕೋರ್ಟ್_ಕಾರಿಡಾರ್

ಡಯಾಬಾಲಿಕಲ್‌ಗೆ ಪೈಶಾಚಿಕ, ಫೀಂಡಿಶ್‌ಗೆ ರಾಕ್ಷಸೀ, ನನ್ನ ಒಪ್ಪಿಗೆ ಇದೆ. ಸ್ಲೈಡಲ್ಲಿ ಮಾತ್ರ ಕನ್ನಡದ ಸಾಲಿನ ಕೆಳಗೆ ತೀರ್ಪಿನ ಇಂಗ್ಲಿಷ್ ವಾಕ್ಯ ಹಾಗಾಗೇ ಹಾಕಿ, ಪ್ಯಾರಾ ನಂಬರ್ ಸಮೇತ. ಪ್ರಶ್ನೆ ಕೇಳೋರು ಅಲ್ಲಿಗೇ ಬರ್ತಾರೆ.